ನಾಲ್ಕು ಉಪ್ಪು, ಒಂದು ಅಡುಗೆಮನೆ

ನಮ್ಮ ಮನೆಯಲ್ಲಿ ಗೆದ್ದದ್ದು ಯಾವ ದಿನಸಿ ಅಂಗಡಿಯಲ್ಲೂ ಸಿಗುವ ಅಯೋಡಿನ್ ಪುಡಿ ಉಪ್ಪು. ಮಾವನವರ ರಕ್ತದೊತ್ತಡ ಏರಿದ ಮೇಲೆ ಸೈಂಧವ ಲವಣ, ಕಲ್ಲುಪ್ಪು, ಕಡಿಮೆ ಸೋಡಿಯಂ ಉಪ್ಪು ಮೂರೂ ಒಂದೊಂದಾಗಿ ಬಂದು ಹೋದವು.

ಸೈಂಧವ ಲವಣದ ಬಗ್ಗೆ ಹೇಳುವುದು ಹೆಚ್ಚಿಲ್ಲ. ಬಣ್ಣ ಚೆಂದ, ಬೆಲೆ ಹಲವು ಪಟ್ಟು, ರಕ್ತದೊತ್ತಡ ಏರಿಸುವ ಸೋಡಿಯಂ ಮಾತ್ರ ಹೆಚ್ಚುಕಡಿಮೆ ಮಾಮೂಲಿ ಉಪ್ಪಿನಷ್ಟೇ. ನಾವು ತಂದದ್ದಕ್ಕೆ ಅಯೋಡಿನ್ ಬೆರೆಸಿರಲೂ ಇಲ್ಲ. ಏಕಾದಶಿಗೆ ಆಗುತ್ತದೆಂದು ಅತ್ತೆ ಎತ್ತಿಟ್ಟರು.

ಕಲ್ಲುಪ್ಪು ಬೇಗ ಕರಗುವುದಿಲ್ಲ. ಕುದಿಯುವ ಸಾರಿಗೆ ಹಾಕಿ, ಎರಡು ಹನಿ ಅಂಗೈಗೆ ಬಿಟ್ಟುಕೊಂಡು ನೋಡಿದರೆ ಸಪ್ಪೆ. ಮತ್ತೆರಡು ಹರಳು ಬೀಳುತ್ತವೆ. ಬಡಿಸುವ ಹೊತ್ತಿಗೆ ತಳದಲ್ಲಿದ್ದದ್ದೂ ಕರಗಿ ಸಾರು ಉಪ್ಪುಪ್ಪು.

ತಲೆ ತಿಂದದ್ದು ಕಡಿಮೆ ಸೋಡಿಯಂ ಉಪ್ಪು. ಅದನ್ನು ಕೆಟ್ಟದ್ದೆನ್ನಲಾರೆ. ಸೋಡಿಯಂನ ಒಂದು ಪಾಲಿನ ಬದಲಿಗೆ ಪೊಟ್ಯಾಸಿಯಂ ಸೇರಿಸಿರುತ್ತಾರೆ. ಚೀನಾದ ಹಳ್ಳಿಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಇಂಥ ಉಪ್ಪು ಬಳಸಿದವರಿಗೆ ಪಾರ್ಶ್ವವಾಯು ಬಡಿಯುವುದು ಕಡಿಮೆಯಾಗಿತ್ತು. ಹುಣಸೆಹಣ್ಣು ಬಿದ್ದ ಹುಳಿಯಲ್ಲಿ ರುಚಿಯ ವ್ಯತ್ಯಾಸ ಗೊತ್ತೇ ಆಗಲಿಲ್ಲ; ಮಜ್ಜಿಗೆಯಲ್ಲಿ ಮಾತ್ರ ನಾಲಿಗೆಯ ಹಿಂಬದಿಗೆ ಸಣ್ಣ ಕಹಿ.

ಆದರೆ ಮಾವನವರು ನುಂಗುವುದು ಟೆಲ್ಮಿಸಾರ್ಟನ್ ಎಂಬ ರಕ್ತದೊತ್ತಡದ ಮಾತ್ರೆ. ಆ ಗುಂಪಿನ ಮಾತ್ರೆಗಳು ಪೊಟ್ಯಾಸಿಯಂ ದೇಹದಿಂದ ಹೊರಹೋಗುವುದನ್ನು ತಗ್ಗಿಸುತ್ತವೆ. ಮೂತ್ರಪಿಂಡವೂ ದುರ್ಬಲವಾಗಿದ್ದರೆ ರಕ್ತದಲ್ಲಿ ಅದು ಏರಿ ಹೃದಯ ಬಡಿತವೇ ಏರುಪೇರಾಗಬಹುದು. ವೈದ್ಯರನ್ನು ಕೇಳಿದಾಗ, ಅವರಿಗೆ ಇದು ಬೇಡವೆಂದರು. ಯಾರಿಗಾಗಿ ತಂದೆವೋ ಅವರೇ ತಿನ್ನುವಂತಿಲ್ಲ!

ಹಾಳಾಗುವುದೇಕೆಂದು ಉಳಿದವರಿಗೆ ಬೇರೆ ಡಬ್ಬಿಯಲ್ಲಿ ಇಟ್ಟೆವು. ಎರಡೂ ಬಿಳಿ ಪುಡಿ. ಒಂದರ ಮುಚ್ಚಳಕ್ಕೆ ಹಸಿರು ದಾರ ಕಟ್ಟಿದೆ. ತೊಳೆದಾಗ ಮುಚ್ಚಳಗಳು ಅದಲುಬದಲಾದವು. ಅಲ್ಲದೆ ಒಂದೇ ಪಾತ್ರೆಯ ಹುಳಿಗೆ ಎರಡು ಉಪ್ಪು ಹಾಕುವುದು ಹೇಗೆ? ಕಡಿಮೆ ಸೋಡಿಯಂ ಉಪ್ಪಿನ ಬೆಲೆಯೂ ನಮಗೆ ಎರಡರಷ್ಟು ಬಿತ್ತು. ಮೂತ್ರಪಿಂಡದ ತೊಂದರೆಯಾಗಲಿ, ಇಂಥ ಮಾತ್ರೆಯಾಗಲಿ ಇಲ್ಲದ ಮನೆಯವರು ವೈದ್ಯರನ್ನೊಮ್ಮೆ ಕೇಳಿ ಧಾರಾಳವಾಗಿ ಕೊಳ್ಳಬಹುದು. ನಮಗೆ ಒಗ್ಗಲಿಲ್ಲ.

ಪುಡಿ ಉಪ್ಪನ್ನು ನಾನು ಮೆಚ್ಚುವುದು ಲೆಕ್ಕಕ್ಕೆ ಸಿಗುತ್ತದೆಂಬ ಕಾರಣಕ್ಕೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ದೊಡ್ಡವರೊಬ್ಬರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ. ನಾವು ನಾಲ್ವರು, ಅಂದರೆ 20 ಗ್ರಾಂ. ಒಂದು ಕಿಲೋ ಪೊಟ್ಟಣ ಕನಿಷ್ಠ 50 ದಿನ ಬರಬೇಕು. ಹಪ್ಪಳ, ಉಪ್ಪಿನಕಾಯಿ, ಬೇಕರಿಯ ಖಾರಾ ಬಿಸ್ಕತ್ತುಗಳ ಉಪ್ಪು ಬೇರೆ ಇರುವುದರಿಂದ ಇನ್ನೂ ಹೆಚ್ಚು ದಿನ ಬಂದರೇ ಸರಿ. ಒಡೆದ ದಿನಾಂಕವನ್ನು ಪೊಟ್ಟಣದ ಮೇಲೆಯೇ ಬರೆಯುತ್ತೇನೆ. ಒಗ್ಗರಣೆ ಡಬ್ಬಿಯ ಪುಟ್ಟ ಚಮಚ ಈಗ ಉಪ್ಪಿನ ಡಬ್ಬಿಯಲ್ಲಿದೆ, ಕೈಯಳತೆ ನಿಂತಿದೆ. ಚಪಾತಿ ಹಿಟ್ಟಿಗೆ ಉಪ್ಪಿಲ್ಲ, ಪಲ್ಯಕ್ಕೆ ಒಲೆ ಆರಿಸಿದ ಮೇಲೆ ನಿಂಬೆರಸ.

“ಉಪ್ಪಿಗಿಂತ ರುಚಿಯಿಲ್ಲ” ಎಂಬ ಗಾದೆಯನ್ನು ಅತ್ತೆ ಆಗಾಗ ನನ್ನ ಕಿವಿಗೆ ಬೀಳುವಂತೆ ಹೇಳುತ್ತಾರೆ. ಆದರೂ ಪೊಟ್ಟಣದ ಮೇಲಿನ ದಿನಾಂಕವನ್ನು ಮೊದಲು ಓದುವವರೂ ಅವರೇ.