ಮೂವತ್ತು ಹುಣಸೆ ಬೀಜ: ಸಾಲಗಾಮೆ ರಸ್ತೆಯ ಮೇಷ್ಟ್ರ ತರಗತಿ

ನಾನು ಹಾಸನದಲ್ಲಿ ಪಿಗ್ಮಿ, ಅಂದರೆ ಅಂಗಡಿಯವರು ದಿನಾ ಸ್ವಲ್ಪ ಸ್ವಲ್ಪ ಕಟ್ಟುವ ಉಳಿತಾಯದ ಹಣ, ಕಲೆಕ್ಟ್ ಮಾಡುತ್ತೇನೆ. 14 ವರ್ಷ ಆಯಿತು. ಕಟ್ಟಿನಕೆರೆ ಮಾರ್ಕೆಟ್‌ನ ತರಕಾರಿ ಅಂಗಡಿಗಳಿಂದ ಶುರು ಮಾಡಿದರೆ ದಿನಕ್ಕೆ 70 ಅಂಗಡಿ. ಒಬ್ಬರು 50 ರೂಪಾಯಿ ಕೊಡುತ್ತಾರೆ, ಒಬ್ಬರು 200, ಇನ್ನೊಬ್ಬರು "ನಾಳೆ ಬಾ ಅಕ್ಕಾ" ಅನ್ನುತ್ತಾರೆ. ಸಂಜೆ ಲೆಕ್ಕದಲ್ಲಿ ಕಡಿಮೆ ಬಿದ್ದರೆ ಅದು ನನ್ನ ಕೈಯಿಂದಲೇ ಹೋಗಬೇಕು.

ಹೋದ ವರ್ಷ ಹಾಸನಾಂಬೆ ದೇವಸ್ಥಾನದ ಬಾಗಿಲು ತೆರೆದಾಗ ನನಗೆ ಸಾಕು ಸಾಕಾಗಿ ಹೋಯಿತು. ನಮ್ಮಮ್ಮನ ದರ್ಶನ ವರ್ಷಕ್ಕೆ ಒಂದೇ ಸಲ, ದೀಪಾವಳಿ ಆಸುಪಾಸಿನ ಕೆಲವೇ ದಿನ. ಊರಿಗೆ ಊರೇ ಜನ. ಅರ್ಧ ರಸ್ತೆಗೆ ಬ್ಯಾರಿಕೇಡ್. ಅಂಗಡಿಯವರಿಗೆ ತಲೆ ಎತ್ತಲು ಪುರುಸೊತ್ತಿಲ್ಲ. ಆ ಗಲಾಟೆಯಲ್ಲಿ ಒಂದು ದಿನ 1,400 ರೂಪಾಯಿ ತಾಳೆಯಾಗಲಿಲ್ಲ. ಅವತ್ತಿನಿಂದ ನಿದ್ದೆ ಹೋಯಿತು. ರಾತ್ರಿ ಎರಡೂವರೆಗೆ ಎದ್ದು ಬ್ಯಾಗ್ ತೆಗೆದು ನೋಟು ಎಣಿಸುತ್ತಿದ್ದೆ. ಬೆಳಿಗ್ಗೆ ಮತ್ತೆ ಎಣಿಸುತ್ತಿದ್ದೆ. ಮನೆಯವರ ಮೇಲೆ ಸುಮ್ನೆ ರೇಗುತ್ತಿದ್ದೆ.

ಮೊದಲು ಹೋಗಿದ್ದು ಬೇರೆ ಒಬ್ಬ ಜ್ಯೋತಿಷಿ ಹತ್ತಿರ. ಅವರು ಹತ್ತು ನಿಮಿಷವೂ ಮಾತಾಡಲಿಲ್ಲ. ಸಾಡೇಸಾತಿ, ಅಂದರೆ ಏಳೂವರೆ ವರ್ಷದ ಶನಿಕಾಟ ನಡೀತಿದೆ, ನೀಲದ ಉಂಗುರ ಹಾಕಿಕೊಳ್ಳದೇ ಇದ್ದರೆ ಕೆಲಸ ಹೋಗುತ್ತೆ ಅಂದರು. 8,500 ರೂಪಾಯಿ ಕೊಟ್ಟು ಹಾಕಿಕೊಂಡೆ. ನಿದ್ದೆ ಬರಲಿಲ್ಲ. ಹೆದರಿಕೆ ಮಾತ್ರ ಜಾಸ್ತಿ ಆಯಿತು.

ಮಾರ್ಕೆಟ್‌ನ ಹೂವಿನ ಅಂಗಡಿಯವರೊಬ್ಬರು ಈ ಮೇಷ್ಟ್ರ ಬಗ್ಗೆ ಹೇಳಿದರು. ಸಾಲಗಾಮೆ ರಸ್ತೆಯ ಒಂದು ಅಡ್ಡರಸ್ತೆಯಲ್ಲಿ ಮನೆ. ಬೋರ್ಡ್ ಇಲ್ಲ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದವರು, ಈಗ ನಿವೃತ್ತರು. ಶನಿವಾರ ಜಾತಕ ನೋಡುತ್ತಾರೆ, 300 ರೂಪಾಯಿ. ಸೋಮವಾರದಿಂದ ಶುಕ್ರವಾರ ಸಂಜೆ ಆರೂವರೆಗೆ ಮಹಡಿ ಮೇಲೆ ಪ್ರಾಣಾಯಾಮ, ತಿಂಗಳಿಗೆ 600. ಹೆಸರು ಬರೆಯಬೇಡ ಅಂದಿದ್ದಾರೆ, ಬರೆಯುವುದಿಲ್ಲ.

ಜಾತಕದ ದಿನ ಪೂರ್ತಿ ಮುಕ್ಕಾಲು ಗಂಟೆ ನನ್ನ ಜೊತೆ ಕೂತರು. ಒಂಟಿಕೊಪ್ಪಲ್ ಪಂಚಾಂಗ ಪಕ್ಕದಲ್ಲಿತ್ತು. ನನ್ನದು ಶತಭಿಷ ನಕ್ಷತ್ರ, ಕುಂಭ ರಾಶಿ. ಶನಿ ಒಂದು ರಾಶಿಯಲ್ಲಿ ಹೆಚ್ಚು ಕಡಿಮೆ ಎರಡೂವರೆ ವರ್ಷ ಇರುತ್ತಾನೆ. ನಮ್ಮ ರಾಶಿಯ ಹಿಂದಿನದು, ನಮ್ಮದು, ಮುಂದಿನದು, ಮೂರೂ ಸೇರಿ ಏಳೂವರೆ. ನನಗೆ 2020ರ ಜನವರಿಯಲ್ಲಿ ಶುರುವಾಗಿದೆ, 2028ರ ಹೊತ್ತಿಗೆ ಪೂರ್ತಿ ಬಿಡುತ್ತೆ ಅಂದರು. ನಾನು ತಕ್ಷಣ, "ಅದಕ್ಕೇ ಅಲ್ವಾ ಸಾರ್, ಎರಡೇ ತಿಂಗಳಿಗೆ ಲಾಕ್‌ಡೌನ್ ಬಂದು ನನ್ನ ಪಿಗ್ಮಿ ನಿಂತಿದ್ದು?" ಅಂದೆ. ಅವರು ಕನ್ನಡಕ ತೆಗೆದಿಟ್ಟರು. "ಅವತ್ತು ಹನ್ನೆರಡೂ ರಾಶಿಯವರ ಅಂಗಡಿ ಮುಚ್ಚಿತ್ತಲ್ಲಮ್ಮ" ಅಂದರು. ಆಮೇಲೆ ಲೆಕ್ಕ ಹೇಳಿದರು. ಯಾವಾಗ ನೋಡಿದರೂ ಹನ್ನೆರಡರಲ್ಲಿ ಮೂರು ರಾಶಿಗೆ ಸಾಡೇಸಾತಿ ಇದ್ದೇ ಇರುತ್ತೆ. ಅಂದರೆ ಊರಿನ ಕಾಲು ಭಾಗ ಜನಕ್ಕೆ. ನೀನು ಹೋಗುವ 70 ಅಂಗಡಿಯಲ್ಲಿ ಹದಿನೇಳು ಹದಿನೆಂಟು ಜನ ನಿನ್ನ ಜೊತೆಯವರೇ.

ಆ ಮಾತಿಗೆ ನನ್ನ ಎದೆ ಮೇಲಿಂದ ಒಂದು ಮೂಟೆ ಇಳಿಸಿದ ಹಾಗಾಯಿತು. ಮುಂದಿನ ಸುತ್ತಿನಲ್ಲಿ ಒಂದೊಂದು ಅಂಗಡಿಯವರ ಮುಖವನ್ನೂ ಬೇರೆ ಥರ ನೋಡಿದೆ.

ಇನ್ನೊಂದು ಕೆಲಸ ಮಾಡಿಸಿದರು. ಒಂದು ಹಾಳೆಯಲ್ಲಿ ದಶೆಗಳನ್ನು, ಅಂದರೆ ಜಾತಕದ ಪ್ರಕಾರ ಒಂದೊಂದು ಗ್ರಹಕ್ಕೆ ಸೇರಿದ ವರ್ಷಗಳನ್ನು ಬರೆದರು. ಹುಟ್ಟಿದಾಗ ರಾಹು, ಆಮೇಲೆ ಗುರು 16 ವರ್ಷ, ಈಗ ಶನಿ 19 ವರ್ಷ. ಪೆನ್ನು ನನ್ನ ಕೈಗೆ ಕೊಟ್ಟು, ಒಂದೊಂದರ ಮುಂದೆ ಅವಾಗ ಬಂದ ಕಷ್ಟ ಬರಿ, ಅದು ಹೆಂಗೆ ಕಳೀತು ಅಂತಲೂ ಬರಿ ಅಂದರು. ಅಪ್ಪ ತೀರಿಕೊಂಡಿದ್ದು, ಮಗನ ಆಪರೇಷನ್, ಮನೆ ಸಾಲ. ಎಲ್ಲದರ ಮುಂದೆ ಕಳೆದದ್ದೂ ಇತ್ತು. ಬರೆಯುತ್ತಾ ಅತ್ತುಬಿಟ್ಟೆ. ಅವರು ಸುಮ್ಮನೆ ಕೂತಿದ್ದರು.

ರಾಹುಕಾಲದ ವಿಷಯವನ್ನೂ ಕೇಳಿದೆ. ಶುಕ್ರವಾರ ಹತ್ತೂವರೆಯಿಂದ ಹನ್ನೆರಡರವರೆಗೆ ನಾನು ಯಾವ ಅಂಗಡಿಗೂ ಹೋಗುತ್ತಿರಲಿಲ್ಲ. ಅದು ಹೊಸದಾಗಿ ಶುರು ಮಾಡುವ ಕೆಲಸಕ್ಕೆ ನೋಡುವುದು, ದಿನಾ ಮಾಡುವ ದುಡಿಮೆಗಲ್ಲ ಅಂದರು. ಹಗಲನ್ನು ಎಂಟು ಪಾಲು ಮಾಡಿದರೆ ಒಂದು ಪಾಲು ರಾಹುಕಾಲ. ಆರು ದಿನ ಅದನ್ನು ಬಿಟ್ಟು ಕೂತರೆ ವಾರಕ್ಕೆ ಒಂಬತ್ತು ಗಂಟೆ ಹೋಯಿತಲ್ಲ!

ಉಂಗುರ ತೆಗೆ ಅಂತಲೂ ಹೇಳಲಿಲ್ಲ, ಇಟ್ಟುಕೋ ಅಂತಲೂ ಹೇಳಲಿಲ್ಲ. ಮೊದಲು ಬಿ.ಪಿ. ನೋಡಿಸಿಕೊಂಡು ಬಾ, ಆಮೇಲೆ ತರಗತಿ ಅಂದರು. ನೋಡಿಸಿದರೆ 150ಕ್ಕೆ 96. ಡಾಕ್ಟರ್ ಮಾತ್ರೆ ಕೊಟ್ಟರು. ಮಾತ್ರೆ ನಿಲ್ಲಿಸಬೇಡ, ನೀನು ಉಸಿರು ಕಟ್ಟಿ ಹಿಡಿಯುವ ಕುಂಭಕ ಮಾಡಲೇಬೇಡ ಅಂತ ಮೇಷ್ಟ್ರು ಮೂರು ಸಲ ಹೇಳಿದರು. ಈ ಒಂದು ಕಾರಣಕ್ಕೇ ನಾನು ಇವರನ್ನು ನಂಬಿದೆ.

ಈಗ ತರಗತಿ. ಹನ್ನೊಂದು ಜನ ಇದ್ದೇವೆ. ಮೊದಲ ದಿನ ಒಂದು ಬಟ್ಟೆ ಚೀಲದಲ್ಲಿ 30 ಹುಣಸೆ ಬೀಜ ಕೊಟ್ಟರು. ನಾಲ್ಕು ಎಣಿಸುತ್ತಾ ಉಸಿರು ಎಳೆದುಕೊಳ್ಳಬೇಕು, ಆರು ಎಣಿಸುತ್ತಾ ಬಿಡಬೇಕು. ಬಿಟ್ಟ ಮೇಲೆ ಒಂದು ಬೀಜ ಎಡಗಡೆಯಿಂದ ಬಲಗಡೆಗೆ. ಒಂದು ಉಸಿರಿಗೆ ಹತ್ತು ಸೆಕೆಂಡ್, ನಿಮಿಷಕ್ಕೆ ಆರು. ಮೂವತ್ತು ಬೀಜ ಸರಿಸಿದರೆ ಐದು ನಿಮಿಷ. ಇದು ಯಾಕೆ ಅಂತ ಬಾಯಲ್ಲಿ ಹೇಳದೆ ಕೈಯಲ್ಲಿ ತೋರಿಸಿದರು. ಮಣಿಕಟ್ಟಿನ ಮೇಲೆ ಎರಡು ಬೆರಳು ಇಟ್ಟುಕೋ ಅಂದರು. ಉಸಿರು ಎಳೆದಾಗ ನಾಡಿ ಸ್ವಲ್ಪ ಬೇಗ ಬಡಿಯುತ್ತೆ, ಬಿಟ್ಟಾಗ ನಿಧಾನ ಆಗುತ್ತೆ. ನನ್ನ ಬೆರಳಿಗೇ ಗೊತ್ತಾಯಿತು. ಅದಕ್ಕೇ ಬಿಡುವ ಉಸಿರು ಉದ್ದ ಇರಬೇಕಂತೆ.

ಆಮೇಲೆ ಭ್ರಾಮರಿ. ಹನ್ನೊಂದು ಜನ ಕಿವಿ ಮುಚ್ಚಿ ಒಟ್ಟಿಗೆ ಗುಂಯ್ ಅಂದರೆ ನನ್ನ ದವಡೆ, ಹಣೆ ಎಲ್ಲ ಅದುರುತ್ತೆ. ಆ ಹೊತ್ತಿನಲ್ಲಿ ಎಣಿಕೆ ನಿಲ್ಲುತ್ತೆ. ಹದಿನಾಲ್ಕು ವರ್ಷದಲ್ಲಿ ನನ್ನ ತಲೆಯೊಳಗೆ ಎಣಿಕೆ ನಿಂತಿದ್ದು ಅಲ್ಲೇ ಮೊದಲು. ಶುಕ್ರವಾರ ಯೋಗನಿದ್ರೆ ಇರುತ್ತೆ, ಬಲಗೈ ಹೆಬ್ಬೆರಳಿಂದ ಶುರು ಮಾಡಿ ಒಂದೊಂದೇ ಅಂಗಕ್ಕೆ ಗಮನ ಕೊಡುತ್ತಾ ಇಡೀ ಮೈ. ನಾನು ಹೊಟ್ಟೆ ದಾಟುವಷ್ಟರಲ್ಲಿ ಮಲಗಿಬಿಡುತ್ತೇನೆ.

ಐದು ತಿಂಗಳಾಯಿತು. ಮಾತ್ರೆ ಇದೆ, ಬಿ.ಪಿ. ಹಿಡಿತದಲ್ಲಿದೆ. ಎರಡೂವರೆಗೆ ಎಚ್ಚರ ಆದರೂ ಬ್ಯಾಗ್ ತೆಗೆಯುವುದಿಲ್ಲ, ಬೀಜ ತೆಗೆಯುತ್ತೇನೆ. ಮಧ್ಯಾಹ್ನ ಮಹಾರಾಜ ಪಾರ್ಕ್‌ನ ಬೆಂಚ್ ಮೇಲೆ ಹದಿನೈದು ಬೀಜ, ಆಮೇಲೆ ಹಣ ಕಟ್ಟಲು ಹೋಗುತ್ತೇನೆ. ಆ 1,400 ರೂಪಾಯಿ ಕೊನೆಗೂ ಸಿಗಲಿಲ್ಲ, ನಾನೇ ತುಂಬಿದೆ.

ಕೊರತೆ ಇಲ್ಲವೇ ಅಂದರೆ ಇದೆ. ಜಾತಕಕ್ಕೆ ಮೂರು ವಾರ ಕಾಯಬೇಕು. ಫೋನ್ ಎತ್ತುವುದು ಅಪರೂಪ, ಮನೆಗೇ ಹೋಗಿ ಹೆಸರು ಬರೆಸಿ. ಐದು ನಿಮಿಷ ತಡವಾದರೆ ಒಳಗೆ ಬಿಡುವುದಿಲ್ಲ. ನಮ್ಮಂಥ ಬೀದಿ ಸುತ್ತುವವರಿಗೆ ಇದು ಕಷ್ಟ, ಸ್ವಲ್ಪ ಸಡಿಲ ಮಾಡಬೇಕು. ಜಾತಕದಲ್ಲಿ ನಂಬಿಕೆ ಇಲ್ಲದವರೂ ತರಗತಿಗೆ ಬರಬಹುದು, ಇಬ್ಬರು ಹಾಗೇ ಬರುತ್ತಿದ್ದಾರೆ. ಮಳೆಗಾಲದಲ್ಲಿ ನೆಲ ಕೊರೆಯುತ್ತೆ, ಚಾಪೆ ಜೊತೆಗೆ ದಪ್ಪ ಜಮಖಾನ ತನ್ನಿ. ಮಹಡಿ ಮೆಟ್ಟಿಲು ಕಡಿದಾಗಿದೆ, ಹಿಡಿದುಕೊಳ್ಳಲು ಕಂಬಿ ಇಲ್ಲ. ಅರವತ್ತು ದಾಟಿದವರು ಮೂವರು ಬರುತ್ತಾರೆ. ಕಂಬಿ ಹಾಕಿಸಿ ಸಾರ್ ಅಂತ ಎರಡು ಸಲ ಹೇಳಿದ್ದೇನೆ, ಇಲ್ಲೂ ಬರೆಯುತ್ತಿದ್ದೇನೆ.