ಬಟನ್ ಇಲ್ಲದ ಇಂಜಿನ್: ಮೊಮ್ಮಕ್ಕಳೊಂದಿಗೆ ಮೈಸೂರಿನ ರೈಲು ವಸ್ತುಸಂಗ್ರಹಾಲಯದಲ್ಲಿ

"ತಾತ, ಇದನ್ನು ಸ್ಟಾರ್ಟ್ ಮಾಡುವ ಬಟನ್ ಎಲ್ಲಿದೆ?"

ಐದು ವರ್ಷದ ಮೊಮ್ಮಗ ಹೀಗೆ ಕೇಳಿದಾಗ ನಾವಿಬ್ಬರೂ ಒಂದು ಹಳೆಯ ಉಗಿ ಇಂಜಿನಿನ ಕ್ಯಾಬಿನಲ್ಲಿ, ಅಂದರೆ ಡ್ರೈವರ್ ನಿಲ್ಲುವ ಜಾಗದಲ್ಲಿ, ನಿಂತಿದ್ದೆವು. ಬಟನ್ ಇಲ್ಲ ಕಂದ, ತಣ್ಣಗಿರುವ ಇಂಜಿನಿಗೆ ಬೆಂಕಿ ಹಾಕಿ, ನೀರು ಕಾದು, ಉಗಿ ಕಟ್ಟಿ, ಅದು ಹೊರಡುವಷ್ಟಾಗಲು ಗಂಟೆಗಟ್ಟಲೆ ಬೇಕು ಎಂದೆ. ಅವನು ಬಾಯ್ಲರಿನ ಕಪ್ಪು ಮುಖವನ್ನು ಬಹಳ ಹೊತ್ತು ದಿಟ್ಟಿಸಿ ನೋಡಿದ. "ಅಷ್ಟು ಹೊತ್ತು ಜನ ಏನು ಮಾಡುತ್ತಿದ್ದರು?" ಎಂದು ಕೇಳಿದ. ನನ್ನ ಯೌವನದ ಎಷ್ಟೋ ರಾತ್ರಿಗಳು ಆ ಪ್ರಶ್ನೆಯ ಉತ್ತರದಲ್ಲಿವೆ. ನಾನು ರೈಲ್ವೆಗೆ ಸೇರಿದ್ದು ಇಂಜಿನ್ ಒರೆಸುವ ಕ್ಲೀನರ್ ಆಗಿ. ಆಮೇಲೆ ಹಳಿಗಳ ನಡುವೆ ಒಂದು ಮೀಟರ್ ಅಂತರವಿರುವ ಮೀಟರ್ ಗೇಜ್ ದಾರಿಯ ಇಂಜಿನ್‌ಗಳಲ್ಲಿ, ಬೆಂಕಿಗೆ ಕಲ್ಲಿದ್ದಲು ಹಾಕುವ ಫೈರ್‌ಮನ್ ಆದೆ. ಡೀಸೆಲ್ ಬಂದ ಮೇಲೆ ತರಬೇತಿ ಪಡೆದು ಡ್ರೈವರ್ ಆಗಿ ನಿವೃತ್ತನಾದೆ. ಹಾಗಾಗಿ ಈ ಜಾಗದ ಬಗ್ಗೆ ನಾನು ಬರೆಯುವುದರಲ್ಲಿ ಅಭಿಮಾನ ಇದ್ದೇ ಇರುತ್ತದೆ. ಆದರೆ ಮಕ್ಕಳನ್ನು ಎಲ್ಲಿಗೆ ಕರೆದುಕೊಂಡು ಹೋಗುವುದು ಎಂದು ಪ್ರತಿ ರಜೆಯಲ್ಲೂ ತಲೆ ಕೆಡಿಸಿಕೊಳ್ಳುವ ತಂದೆತಾಯಿಯರಿಗೆ ಇದು ನಿಜವಾಗಿ ಉಪಯೋಗಕ್ಕೆ ಬರುತ್ತದೆ ಎಂದು ನಂಬಿಯೇ ಬರೆಯುತ್ತಿದ್ದೇನೆ.

ಮಗಳ ಮನೆ ಬೆಂಗಳೂರಿನಲ್ಲಿದೆ. ಹಿಂದಿನ ತಿಂಗಳು ಅಲ್ಲಿಗೆ ಹೋಗಿದ್ದಾಗ ಎಲ್ಲರೂ ಸೇರಿ ಒಂದು ಮಾಲಿನ ಮಕ್ಕಳ ಆಟದ ವಲಯಕ್ಕೆ ಹೋಗಿದ್ದೆವು. ಇಬ್ಬರು ಮಕ್ಕಳಿಗೆ ಒಂದು ಗಂಟೆಗೆ, ಅವರೇ ಮಾರುವ ಕಾಲುಚೀಲವೂ ಸೇರಿ 1,400 ರೂಪಾಯಿ ಆಯಿತು. ಹಣಕ್ಕಿಂತ ನನ್ನನ್ನು ಕಾಡಿದ್ದು ಬೇರೆ. ಹೊರಗೆ ಬಂದ ಮೇಲೆ "ಏನು ಆಡಿದಿರಿ?" ಎಂದು ಕೇಳಿದರೆ ಇಬ್ಬರಿಗೂ ಹೇಳಲು ಏನೂ ಇರಲಿಲ್ಲ. ಹಾರಿದ್ದರು, ಜಾರಿದ್ದರು, ಬೆವರಿದ್ದರು, ಅಷ್ಟೇ. ಮಕ್ಕಳು ಹಾರಬೇಕು, ಕುಣಿಯಬೇಕು, ಅದರ ಬಗ್ಗೆ ನನ್ನ ತಕರಾರಿಲ್ಲ. ಅದಕ್ಕೆ ಬಯಲು ಸಾಕು. ಮನೆಯಿಂದ ಇಷ್ಟು ದೂರ ಹೊರಟ ಮೇಲೆ ಮಗುವಿಗೆ ಮನೆಯಲ್ಲಿ ಸಿಗದ ಏನಾದರೊಂದು ಸಿಗಬೇಕು. ತನಗಿಂತ ಬಹಳ ದೊಡ್ಡದಾದ, ಭಾರವಾದ, ನಿಜವಾದ ಒಂದು ವಸ್ತುವಿನ ಮುಂದೆ ಅದು ನಿಲ್ಲಬೇಕು.

ದಸರಾ ರಜೆಗೆ ಅವರು ಮೈಸೂರಿಗೆ ಬಂದಾಗ ಒಂದು ಬೆಳಿಗ್ಗೆಯನ್ನು ಈ ಸಂಗ್ರಹಾಲಯಕ್ಕೆಂದೇ ಇಟ್ಟೆ. ಇದು ಆರಂಭವಾದದ್ದು 1979ರಲ್ಲಿ. ದೆಹಲಿಯ ರಾಷ್ಟ್ರೀಯ ರೈಲು ವಸ್ತುಸಂಗ್ರಹಾಲಯದ ನಂತರ ದೇಶದಲ್ಲಿ ಎರಡನೆಯದು. ಮೈಸೂರು ರೈಲು ನಿಲ್ದಾಣದ ಹತ್ತಿರ, ಕೆಆರ್‌ಎಸ್ ರಸ್ತೆಯಲ್ಲಿ, ಆಹಾರ ಸಂಶೋಧನಾ ಸಂಸ್ಥೆಯಾದ ಸಿಎಫ್‌ಟಿಆರ್‌ಐ ಎದುರಿಗಿದೆ. ಬೆಂಗಳೂರಿನಿಂದ ಬರುವವರಿಗೆ ನನ್ನ ಒಂದೇ ಒತ್ತಾಯ: ದಯವಿಟ್ಟು ಕಾರಿನಲ್ಲಿ ಬರಬೇಡಿ, ರೈಲಿನಲ್ಲೇ ಬನ್ನಿ. ರಾಮನಗರದ ಬಂಡೆಗಳು, ಬೊಂಬೆಗಳ ಚನ್ನಪಟ್ಟಣ, ಮದ್ದೂರು ವಡೆ, ಮಂಡ್ಯದ ಕಬ್ಬಿನ ಗದ್ದೆ, ಶ್ರೀರಂಗಪಟ್ಟಣದಲ್ಲಿ ಕಾವೇರಿಯ ಸೇತುವೆ, ಇವೆಲ್ಲ ಕಿಟಕಿಯಲ್ಲೇ ಬಂದು ಹೋಗುತ್ತವೆ. ಇಳಿದ ಮೇಲೆ ಆಟೊದವರಿಗೆ ಕೊಡುವ ಹಣವೂ ಹೆಚ್ಚಾಗುವುದಿಲ್ಲ.

ಒಳಗೆ ಹೋದ ಕೂಡಲೇ ಮಕ್ಕಳು ಓಡುವುದು ಪುಟಾಣಿ ರೈಲಿನ ಕಡೆಗೆ. ಓಡಲಿ, ಬಿಡಿ. ಆವರಣವನ್ನು ಒಂದು ಸುತ್ತು ಹಾಕಿಸುವ ಆ ರೈಲು ಹತ್ತಿ ಇಳಿದ ಮೇಲೆಯೇ ಅವರ ಮನಸ್ಸು ಉಳಿದದ್ದರ ಕಡೆಗೆ ತಿರುಗುತ್ತದೆ. ನಮ್ಮವರು ಎರಡು ಸಲ ಹತ್ತಿದರು.

ನಾನು ಜುಬ್ಬಾದ ಜೇಬಿನಲ್ಲಿ ಒಂದು ಅಳತೆಯ ಟೇಪು ಇಟ್ಟುಕೊಂಡು ಹೋಗಿದ್ದೆ. ನೀವೂ ಒಯ್ಯಿರಿ. ಎರಡು ಹಳಿಗಳ ನಡುವಿನ ಅಂತರವನ್ನು ಒಳ ಅಂಚಿನಿಂದ ಒಳ ಅಂಚಿಗೆ ಹಿಡಿದು ಅಳೆಯುವುದು ಹೇಗೆಂದು ಎಂಟು ವರ್ಷದ ಮೊಮ್ಮಗಳಿಗೆ ತೋರಿಸಿದೆ. ಈ ಅಂತರಕ್ಕೇ ಗೇಜ್ ಎನ್ನುವುದು. ನ್ಯಾರೋ ಗೇಜ್ 762 ಮಿಲಿಮೀಟರ್, ಮೀಟರ್ ಗೇಜ್ ಸರಿಯಾಗಿ ಒಂದು ಮೀಟರ್, ಈಗ ನಮ್ಮ ರೈಲುಗಳು ಓಡುವ ಬ್ರಾಡ್ ಗೇಜ್ 1,676 ಮಿಲಿಮೀಟರ್. ಬರೀ ಬಾಯಲ್ಲಿ ಹೇಳಿದ್ದರೆ ಒಂದು ಕಿವಿಯಿಂದ ಹೋಗಿ ಇನ್ನೊಂದರಿಂದ ಹೊರಗೆ ಬರುತ್ತಿತ್ತು. ಅವಳು ಮೊದಲು ತಮ್ಮನ ಎತ್ತರ ಅಳೆದಳು. 107 ಸೆಂಟಿಮೀಟರ್. "ಇವನನ್ನು ಅಡ್ಡ ಮಲಗಿಸಿದರೆ ಮೀಟರ್ ಗೇಜಿನಲ್ಲಿ ಹಿಡಿಸುವುದಿಲ್ಲ, ಬ್ರಾಡ್ ಗೇಜಿನಲ್ಲಿ ಹಿಡಿಸುತ್ತಾನೆ" ಎಂದು ಲೆಕ್ಕ ಹೇಳಿದಳು. ಅಲ್ಲೇ ಇಬ್ಬರಿಗೂ ಗಟ್ಟಿಯಾಗಿ ಒಂದು ಮಾತು ಹೇಳಿದೆ: ಇಲ್ಲಿರುವುದು ನಿಂತುಹೋದ ಇಂಜಿನ್‌ಗಳು, ಇಲ್ಲಿ ಮಾತ್ರ ಹಳಿಯ ಹತ್ತಿರ ಹೋಗಬಹುದು, ರೈಲು ಓಡುವ ಹಳಿಯ ಹತ್ತಿರ ಎಂದೆಂದಿಗೂ ಹೋಗಕೂಡದು. ರೈಲ್ವೆಯಲ್ಲಿ ದುಡಿದ ಯಾರೂ ಈ ಮಾತನ್ನು ಹೇಳದೆ ಇರಲಾರರು. ನೀವೂ ನಿಮ್ಮ ಮಕ್ಕಳಿಗೆ ಹೇಳಿಯೇ ಟೇಪು ಬಿಚ್ಚಿ.

ನ್ಯಾರೋ ಗೇಜ್ ಎಂದರೆ ಏನೋ ದೂರದ ಬೆಟ್ಟದ ರೈಲು ಎಂದು ಮಕ್ಕಳು ತಿಳಿದಿರುತ್ತಾರೆ. ಯಲಹಂಕ, ಚಿಕ್ಕಬಳ್ಳಾಪುರ, ಕೋಲಾರ, ಬಂಗಾರಪೇಟೆಯ ದಾರಿಯೂ ಒಂದು ಕಾಲದಲ್ಲಿ ನ್ಯಾರೋ ಗೇಜೇ ಆಗಿತ್ತು ಎಂದಾಗ ಮೊಮ್ಮಗಳು ನಂಬಲಿಲ್ಲ. ಅವಳ ಶಾಲೆ ಇರುವುದೇ ಯಲಹಂಕದಲ್ಲಿ.

ಇಲ್ಲಿ ತಪ್ಪದೆ ನೋಡಬೇಕಾದ ಇಂಜಿನ್ ಇಎಸ್ 506. ಅದರ ಚಕ್ರಗಳನ್ನು ಮಕ್ಕಳಿಂದಲೇ ಎಣಿಸಿ. ಮುಂದೆ ಚಿಕ್ಕವು ನಾಲ್ಕು, ನಡುವೆ ದೊಡ್ಡವು ಆರು, ಹಿಂದೆ ಮತ್ತೆ ಚಿಕ್ಕವು ಎರಡು. ರೈಲ್ವೆ ಭಾಷೆಯಲ್ಲಿ ಇದು 4-6-2. ಎಣಿಸಿದ ಮೇಲೆ ಯಾವ ಮಗುವಾದರೂ ಕೇಳುತ್ತದೆ, ಎಲ್ಲ ಚಕ್ರಗಳೂ ಒಂದೇ ಅಳತೆಯವು ಏಕಿಲ್ಲ ಎಂದು. ದೊಡ್ಡವು ಎಳೆಯುವವು. ಸಿಲಿಂಡರಿನಲ್ಲಿ ಉಗಿ ಪಿಸ್ಟನ್ನನ್ನು ಹಿಂದೆ ಮುಂದೆ ತಳ್ಳಿದಂತೆ ಆ ಉದ್ದನೆಯ ಕಬ್ಬಿಣದ ತೋಳುಗಳು ಚಲಿಸಿ ಈ ಆರನ್ನೂ ಒಟ್ಟಿಗೆ ತಿರುಗಿಸುತ್ತವೆ. ಮುಂದಿನ ನಾಲ್ಕು ತಿರುವಿನಲ್ಲಿ ಇಂಜಿನಿನ ಮೂತಿಗೆ ದಾರಿ ತೋರಿಸುತ್ತವೆ. ಹಿಂದಿನ ಎರಡು, ಬೆಂಕಿ ಪೆಟ್ಟಿಗೆ (ಕಲ್ಲಿದ್ದಲು ಉರಿಯುವ ಒಲೆ) ಇರುವ ಹಿಂಭಾಗದ ಭಾರವನ್ನು ಹೊರುತ್ತವೆ. ಕಬ್ಬಿಣದ ತೋಳಿನ ಮೇಲೆ ಕೈಯಿಟ್ಟು ಮಗು ಇದನ್ನು ಕೇಳಿದರೆ ಮರೆಯುವುದಿಲ್ಲ.

ಕ್ಯಾಬ್ ಹತ್ತಲು ಬಿಟ್ಟಿರುವ ಇಂಜಿನಿನಲ್ಲಿ ನಾವು ಮುಕ್ಕಾಲು ಗಂಟೆ ಕಳೆದೆವು. ಮನೆಯ ಕುಕ್ಕರಿನಿಂದ ಶುರು ಮಾಡಿದೆ. ಕುಕ್ಕರಿನೊಳಗೆ ಉಗಿ ಹೆಚ್ಚಾದಾಗ ಮೇಲಿನ ವೆಯಿಟ್ ಏಳುತ್ತದಲ್ಲ, ಬಾಯ್ಲರಿನ ಸೇಫ್ಟಿ ವಾಲ್ವ್ ಕೂಡ ಹಾಗೆಯೇ. ಫೈರ್‌ಮನ್ ಕಣ್ಣು ಸದಾ ಇರಬೇಕಾದದ್ದು ಗೇಜ್ ಗ್ಲಾಸಿನ ಮೇಲೆ, ಅಂದರೆ ಬಾಯ್ಲರಿನಲ್ಲಿ ನೀರು ಎಷ್ಟಿದೆ ಎಂದು ತೋರಿಸುವ ಗಾಜಿನ ಕೊಳವೆಯ ಮೇಲೆ. ಬೆಂಕಿ ಪೆಟ್ಟಿಗೆಯ ನೆತ್ತಿಯ ಮೇಲೆ ಯಾವಾಗಲೂ ನೀರು ನಿಂತಿರಬೇಕು. ನೀರು ಅದಕ್ಕಿಂತ ಕೆಳಗಿಳಿದರೆ ನೆತ್ತಿಯಲ್ಲಿ ಕೂರಿಸಿರುವ ಲೆಡ್ ಪ್ಲಗ್, ಅಂದರೆ ಸೀಸದ ಬಿರಡೆ, ಕರಗುತ್ತದೆ, ಆ ತೂತಿನಿಂದ ಉಗಿ ನುಗ್ಗಿ ಬೆಂಕಿಯನ್ನು ಅಡಗಿಸುತ್ತದೆ. ಬಾಯ್ಲರ್ ಸಿಡಿಯದಂತೆ ಕಾಯುವ ಕೊನೆಯ ಕಾವಲು ಅದು. ಪ್ಲಗ್ ಕರಗಿಸಿದ ಎಂಬ ಹೆಸರು ಬಂದರೆ ಶೆಡ್ಡಿನಲ್ಲಿ ತಲೆ ಎತ್ತಿ ನಡೆಯುವಂತಿರಲಿಲ್ಲ. ಕಲ್ಲಿದ್ದಲನ್ನು ಸುಮ್ಮನೆ ಸುರಿಯುವುದಲ್ಲ, ಸಲಿಕೆಯ ಬಾಯನ್ನು ಓರೆ ಮಾಡಿ ಮೂಲೆಮೂಲೆಗೂ ತೆಳುವಾಗಿ ಹರಡಬೇಕು ಎಂದು ಮೊಮ್ಮಗನ ಬರಿಗೈ ಹಿಡಿದು ಆಡಿಸಿ ತೋರಿಸಿದೆ. ಆಮೇಲೆ ಅವನೇ ಹತ್ತು ಹದಿನೈದು ಸಲ ಇಲ್ಲದ ಕಲ್ಲಿದ್ದಲನ್ನು ಇಲ್ಲದ ಸಲಿಕೆಯಿಂದ ಹಾಕಿದ. ಅಕ್ಕ ಸಿಳ್ಳೆಯಾದಳು. ಪಕ್ಕದಲ್ಲಿ ನಿಂತಿದ್ದ ಯಾರದೋ ಮನೆಯ ಇಬ್ಬರು ಹುಡುಗರೂ ಬಂದು ಸೇರಿಕೊಂಡರು. ಒಂದು ರೂಪಾಯಿ ಹೆಚ್ಚಿಗೆ ಕೊಡದೆ ನಾಲ್ಕು ಮಕ್ಕಳು ಅಷ್ಟು ಹೊತ್ತು ಒಂದೇ ಜಾಗದಲ್ಲಿ ಮುಳುಗಿ ಆಡಿದ್ದನ್ನು ಆ ಹುಡುಗರ ತಾಯಿಯೂ ನೋಡುತ್ತಾ ನಿಂತಿದ್ದರು.

"ನಮಗೆ ಇಂಜಿನ್ ಗೊತ್ತಿಲ್ಲವಲ್ಲ, ನಾವು ಏನು ಹೇಳಬೇಕು?" ಎಂದು ನೀವು ಕೇಳಬಹುದು. ಕುಕ್ಕರ್ ಗೊತ್ತಿದ್ದರೆ ಸಾಕು. ಉಳಿದದ್ದನ್ನು ಮಕ್ಕಳೇ ಕೇಳಿ ಕೇಳಿ ಹೊರಡಿಸುತ್ತಾರೆ.

ಶ್ರೀರಂಗ ಮಂಟಪದಲ್ಲಿ ಮೈಸೂರು ಅರಸರ ಮನೆತನದ ಎರಡು ಬೋಗಿಗಳಿವೆ. 1899ರ ಮಹಾರಾಣಿ ಸಲೂನ್ ಮೊಮ್ಮಗಳಿಗೆ ಬಹಳ ಹಿಡಿಸಿತು. ರೈಲಿನಲ್ಲೇ ಅಡುಗೆಮನೆ, ಊಟದ ಜಾಗ, ಶೌಚಾಲಯ. "ಅಡುಗೆಯವರು ಎಲ್ಲಿ ಮಲಗುತ್ತಿದ್ದರು?" ಎಂದು ಅವಳು ಕೇಳಿದ್ದು ನನಗೆ ಇಷ್ಟವಾಯಿತು. ಚಾಮುಂಡಿ ಗ್ಯಾಲರಿಯ ಚಿತ್ರಗಳನ್ನು ದೊಡ್ಡವರು ಸಾವಕಾಶವಾಗಿ ನೋಡಬಹುದು, ಐದು ವರ್ಷದವರು ಅಲ್ಲಿ ನಿಲ್ಲುವುದಿಲ್ಲ. ಆದರೆ 1925ರ ಆಸ್ಟಿನ್ ಕಾರನ್ನು ಮಾತ್ರ ಬಿಡಬೇಡಿ. ರಸ್ತೆಯ ಮೇಲೆ ಓಡುತ್ತಿದ್ದ ಕಾರು ಗುಜರಿ ಸೇರಿ, ಅಲ್ಲಿಂದ ರೈಲ್ವೆ ಕೆಲಸಗಾರರೊಬ್ಬರ ಕೈಗೆ ಬಂದು, ಹಳಿ ತಪಾಸಣೆಯ ಗಾಡಿಯಾಯಿತು. ಹಳಿಯ ಮೇಲೆ ಓಡುವ ಕಾರಿಗೆ ಸ್ಟಿಯರಿಂಗ್ ತಿರುಗಿಸುವ ಕೆಲಸ ಏಕಿಲ್ಲ ಎಂದು ಮಕ್ಕಳನ್ನೇ ಕೇಳಿ ನೋಡಿ.

ಕೆಲವು ವಿಷಯ ಮೊದಲೇ ತಿಳಿದಿರಲಿ. ಇಂಜಿನ್‌ಗಳಿರುವುದು ಬಯಲಿನಲ್ಲಿ. ಬೇಸಿಗೆಯ ಮಧ್ಯಾಹ್ನ ಕಬ್ಬಿಣ ಕೈ ಸುಡುತ್ತದೆ, ಆದ್ದರಿಂದ ಬೆಳಿಗ್ಗೆಯೇ ಬನ್ನಿ. ಕ್ಯಾಬಿನ ಮೆಟ್ಟಿಲುಗಳು ಕಡಿದಾಗಿರುತ್ತವೆ. ಚಪ್ಪಲಿಗಿಂತ ಬೂಟು ವಾಸಿ, ಇಳಿಯುವಾಗ ಇಂಜಿನಿನ ಕಡೆಗೆ ಮುಖ ಮಾಡಿ ಇಳಿಯಬೇಕು. ನಮಗೆ ಕೆಲಸದ ಮೊದಲ ದಿನ ಕಲಿಸುತ್ತಿದ್ದ ಪಾಠವೂ ಅದೇ. ಮೂರು ವರ್ಷಕ್ಕಿಂತ ಚಿಕ್ಕ ಮಕ್ಕಳಿಗೆ ಪುಟಾಣಿ ರೈಲು ಬಿಟ್ಟರೆ ಇಲ್ಲಿ ಹೆಚ್ಚೇನಿಲ್ಲ. ಎರಡೂವರೆ ಗಂಟೆಯಲ್ಲಿ ಎಲ್ಲವೂ ಮುಗಿಯುತ್ತದೆ, ನನ್ನ ಲೆಕ್ಕದಲ್ಲಿ ಅದು ಇದರ ದೊಡ್ಡ ಗುಣ. ಒಂದೇ ದಿನದಲ್ಲಿ ಮೃಗಾಲಯ, ಅರಮನೆ, ಬೆಟ್ಟ, ಬೃಂದಾವನ ಎಲ್ಲವನ್ನೂ ತುರುಕಿಕೊಂಡು, ಸಂಜೆ ಅಳುವ ಮಕ್ಕಳನ್ನು ಎತ್ತಿಕೊಂಡು ನಿಲ್ದಾಣಕ್ಕೆ ಬರುವ ಸಂಸಾರಗಳನ್ನು ನಾನು ವರ್ಷಗಟ್ಟಲೆ ನೋಡಿದ್ದೇನೆ. ಆ ಮಕ್ಕಳಿಗೆ ಏನೂ ಉಳಿದಿರುವುದಿಲ್ಲ. ಮೃಗಾಲಯಕ್ಕೆ ಬೇರೆಯೇ ಒಂದು ದಿನ ಕೊಡಿ. ಇಲ್ಲಿಂದ ಮನೆಗೆ ಹೋಗಿ, ಚಿತ್ರಾನ್ನ, ಮೊಸರನ್ನ ಉಂಡು, ಮಕ್ಕಳು ಮಲಗಲಿ. ನಮ್ಮವರು ನಾಲ್ಕು ಗಂಟೆಯವರೆಗೆ ಏಳಲಿಲ್ಲ.

ಭಾನುವಾರ ಸಂಜೆ ಅವರನ್ನು ಬೆಂಗಳೂರಿಗೆ ಬಿಟ್ಟುಬರಲು ನಾನೇ ಹೊರಟೆ. ರೈಲು ಹೊರಡಲು ಇನ್ನೂ ಕಾಲು ಗಂಟೆ ಇತ್ತು. ಮೊಮ್ಮಗಳು ಕಿಟಕಿಯ ಸೀಟು ಬಿಟ್ಟು ನನ್ನ ಕೈ ಹಿಡಿದು ಎಳೆದುಕೊಂಡು ಪ್ಲಾಟ್‌ಫಾರ್ಮಿನ ಕೊನೆಯವರೆಗೂ ನಡೆದಳು. ವಿದ್ಯುತ್ ಇಂಜಿನಿನ ಮುಂದೆ ನಿಂತು, ಬಾಗಿ, ಒಂದು ಬದಿಯ ಚಕ್ರಗಳನ್ನು ಬೆರಳು ಮಡಚಿ ಎಣಿಸಿದಳು. ಆರು ಬಂತು. ಮತ್ತೊಮ್ಮೆ ಎಣಿಸಿದಳು.

"ತಾತ, ಇದರಲ್ಲಿ ಚಿಕ್ಕ ಚಕ್ರಗಳೇ ಇಲ್ಲ. ಹಾಗಾದರೆ ಇದು ಎಲ್ಲ ಚಕ್ರಗಳಿಂದಲೂ ಎಳೆಯುತ್ತದೆಯೇ?"