ಕೈರುಚಿಯೋ ಸ್ವಭಾವವೋ: ನಾಲ್ಕು ಅಡುಗೆ ರಿಯಾಲಿಟಿ ಶೋಗಳ ವಿಮರ್ಶೆ

ಜಗಳಗಂಟ ಸ್ಪರ್ಧಿ ವಾರವಾರವೂ ಉಳಿದುಕೊಂಡು, ಅಚ್ಚುಕಟ್ಟಾಗಿ ಅಡುಗೆ ಮಾಡುವ ಮೌನಿ ಮನೆಗೆ ಹೋದಾಗೆಲ್ಲ ನೋಡುಗರಿಗೆ ಒಂದೇ ಅನುಮಾನ: ಉಳಿಸುತ್ತಿರುವುದು ಕೈರುಚಿಯೋ, ಟಿಆರ್‌ಪಿಯೋ? ಇದಕ್ಕೆ ಎಲ್ಲ ಶೋಗಳಿಗೂ ಹೊಂದುವ ಉತ್ತರವಿಲ್ಲ. ಕೆಳಗಿನ ಸ್ಥಾನದವರನ್ನು ಯಾರು ಆರಿಸುತ್ತಾರೆ, ತಿನ್ನುವವರಿಗೆ ತಟ್ಟೆ ಯಾರದೆಂದು ಗೊತ್ತೇ, ತೀರ್ಪು ಒಂದು ದಿನದ ಅಡುಗೆಗೋ ಇಡೀ ಸೀಸನ್ನಿಗೋ ಎಂಬುದನ್ನು ಗಮನಿಸಿದರೆ ಸ್ವಭಾವಕ್ಕೆ ಎಷ್ಟು ಜಾಗವಿದೆ ಎಂಬುದು ತಿಳಿಯುತ್ತದೆ.

'ಟಾಪ್ ಶೆಫ್' 2006ರಲ್ಲಿ ಅಮೆರಿಕದ ಬ್ರಾವೊ ವಾಹಿನಿಯಲ್ಲಿ ಶುರುವಾಯಿತು. ಇದರ ಕಂತಿನ ಕೊನೆಗೆ ಓಡುವ ಸಣ್ಣಕ್ಷರಗಳನ್ನು ನಿಲ್ಲಿಸಿ ಓದಿ. ತೀರ್ಪುಗಾರರು ನಿರ್ಮಾಪಕರೊಂದಿಗೆ ಸಮಾಲೋಚಿಸಿ ತೀರ್ಮಾನಿಸಿದ್ದಾರೆ, ಕೆಲವು ಎಲಿಮಿನೇಷನ್‌ಗಳನ್ನು ವಾಹಿನಿಯ ಜೊತೆಗೂ ಚರ್ಚಿಸಲಾಗಿದೆ ಎಂಬ ಅರ್ಥದ ಸಾಲು ಅಲ್ಲಿ ಬಂದಿದೆ. ಮುಖ್ಯ ತೀರ್ಪುಗಾರ ಟಾಮ್ ಕೊಲಿಕಿಯೊ ಮಾತ್ರ, ಆ ದಿನದ ಅಡುಗೆಯೊಂದೇ ಲೆಕ್ಕಕ್ಕೆ ಎಂದು ಹೇಳುತ್ತ ಬಂದಿದ್ದಾರೆ. ಎರಡನ್ನೂ ಒಟ್ಟಿಗೆ ನಂಬಬಹುದು. ಒಬ್ಬರ ಕೋಳಿ ಒಳಗೆ ಹಸಿಯಾಗಿದ್ದರೆ ಚರ್ಚೆಗೆ ಏನೂ ಉಳಿಯುವುದಿಲ್ಲ. ಒಂದರಲ್ಲಿ ಉಪ್ಪು ಕಡಿಮೆ, ಇನ್ನೊಂದರಲ್ಲಿ ಸಾಸ್ ಒಡೆದಿದೆ, ತಪ್ಪು ಸಮಸಮ ಎಂದಾದಾಗಲೇ ಬೇರೆ ಲೆಕ್ಕಾಚಾರ ನುಸುಳಲು ಸಂದು ಸಿಗುವುದು.

ಜೊತೆಯವರ ಅಭಿಪ್ರಾಯಕ್ಕೆ ಇಲ್ಲಿ ಎಷ್ಟು ತೂಕ ಎಂಬುದಕ್ಕೆ ಎರಡನೇ ಸೀಸನ್ನಿನ ಸ್ಪರ್ಧಿ ಮಾರ್ಸೆಲ್ ವಿಗ್ನರಾನ್ ಒಳ್ಳೆಯ ಉದಾಹರಣೆ. ಜೊತೆಯವರಿಗೆ ಅವರನ್ನು ಕಂಡರಾಗುತ್ತಿರಲಿಲ್ಲ. ತಲೆ ಬೋಳಿಸುತ್ತೇನೆಂದು ಅವರನ್ನು ನೆಲಕ್ಕೆ ಕೆಡವಿ ಹಿಡಿದ ಸಹಸ್ಪರ್ಧಿಯೊಬ್ಬ ಅನರ್ಹಗೊಂಡ. ಮಾರ್ಸೆಲ್ ಫೈನಲ್ ತಲುಪಿ ಇಲಾನ್ ಹಾಲ್ ಎದುರು ಸೋತರು. ಜೊತೆಯವರ ಮೆಚ್ಚುಗೆಗೆ ಇಲ್ಲಿ ಬೆಲೆಯಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ತಂಡದ ಸುತ್ತುಗಳ ಕಥೆ ಬೇರೆ. ತಂಡಗಳು ತಮ್ಮದೇ ರೆಸ್ಟೋರೆಂಟ್ ನಡೆಸಬೇಕಾದ 'ರೆಸ್ಟೋರೆಂಟ್ ವಾರ್ಸ್' ಸುತ್ತಿನಲ್ಲಿ ಸೋತ ತಂಡವನ್ನು ನಿಲ್ಲಿಸಿ ಯಾವುದಕ್ಕೆ ಯಾರು ಹೊಣೆ ಎಂದು ಕೇಳುತ್ತಾರೆ. ತಪ್ಪನ್ನು ಮೈಮೇಲೆ ಹಾಕಿಕೊಳ್ಳುವ ಸಂಭಾವಿತರಿಗೆ ಅಲ್ಲಿ ನಷ್ಟ. ಆ ಸುತ್ತಿನಲ್ಲಿ ಮುಖ್ಯ ಶೆಫ್ ಆಗಲು ಒಪ್ಪುವುದೇ ಅಪಾಯ, ಏಕೆಂದರೆ ತಾನು ಮುಟ್ಟದ ತಟ್ಟೆಗೂ ಉತ್ತರ ಕೊಡಬೇಕು.

ನಾಲ್ಕರಲ್ಲಿ ನಮ್ಮ ಮೆಚ್ಚುಗೆ 2010ರಲ್ಲಿ ಆರಂಭವಾದ 'ದಿ ಗ್ರೇಟ್ ಬ್ರಿಟಿಷ್ ಬೇಕ್ ಆಫ್'ಗೆ. ಕಂತಿಗೆ ಮೂರು ಸುತ್ತು. ನಡುವಿನ ಟೆಕ್ನಿಕಲ್ ಸುತ್ತಿನಲ್ಲಿ ಎಲ್ಲರಿಗೂ ಒಂದೇ ರೆಸಿಪಿ, ಅದರಲ್ಲೂ ಬೇಕಾದ ವಿವರಗಳನ್ನು ಕಿತ್ತಿರುತ್ತಾರೆ. ಯಾವುದು ಯಾರದೆಂದು ತಿಳಿಯದೆಯೇ ತೀರ್ಪುಗಾರರು ತಿಂದು, ಕೊನೆಯ ಸ್ಥಾನದಿಂದ ಮೊದಲಿನವರೆಗೆ ಕ್ರಮ ಹೇಳುತ್ತಾರೆ. ನಗು, ಕಣ್ಣೀರು, ಮನೆಯ ಕಥೆ ಯಾವುದೂ ಆ ಮೇಜಿಗೆ ತಲುಪದು. ಕೊರತೆಯೆಂದರೆ ಉಳಿದ ಎರಡು ಸುತ್ತುಗಳಲ್ಲಿ ಸ್ಪರ್ಧಿ ಎದುರಿಗೇ ನಿಂತಿರುತ್ತಾರೆ. ನಗದು ಬಹುಮಾನವಿಲ್ಲ, ಗೆದ್ದವರಿಗೆ ಕೆತ್ತನೆಯ ಗಾಜಿನ ಕೇಕ್ ಸ್ಟ್ಯಾಂಡ್ ಅಷ್ಟೇ. ಒಬ್ಬರಿಗೊಬ್ಬರು ಕೈಜೋಡಿಸುವ ವಾತಾವರಣಕ್ಕೆ ಅದೂ ಒಂದು ಕಾರಣವಿರಬೇಕು.

ಅಲ್ಲಿ ಸ್ವಭಾವ ಒಬ್ಬರನ್ನು ಮನೆಗೆ ಕಳಿಸಿದ್ದು 2014ರಲ್ಲಿ. ಬೇಕ್ಡ್ ಅಲಾಸ್ಕಾ ಎಂಬ, ಸ್ಪಾಂಜ್ ಕೇಕಿನ ಮೇಲೆ ಐಸ್‌ಕ್ರೀಮ್ ಇಟ್ಟು ಮಾಡುವ ಸಿಹಿತಿಂಡಿಯ ಐಸ್‌ಕ್ರೀಮ್ ಫ್ರೀಜರ್‌ನ ಹೊರಗುಳಿದು ಕರಗಿತು; ಸಿಟ್ಟಿಗೆದ್ದ ಸ್ಪರ್ಧಿ ಎಲ್ಲವನ್ನೂ ಕಸದ ಬುಟ್ಟಿಗೆ ಸುರಿದು, ಕೊನೆಗೆ ಆ ಬುಟ್ಟಿಯನ್ನೇ ತೀರ್ಪುಗಾರರ ಮುಂದಿಟ್ಟರು. ಐಸ್‌ಕ್ರೀಮ್ ಹೊರಗಿಟ್ಟವರು ಯಾರೆಂದು ನೋಡುಗರು ಬಹಳ ದಿನ ಜಗಳವಾಡಿದರು. ಆದರೆ ಕರಗಿದ್ದನ್ನೇ ಬಡಿಸಿದ್ದರೆ ಕೆಳಗಿನ ಸ್ಪಾಂಜ್ ಕೇಕನ್ನಾದರೂ ರುಚಿ ನೋಡಬಹುದಿತ್ತು. ತಟ್ಟೆಯಲ್ಲಿ ಏನೂ ಇಲ್ಲದಿದ್ದರೆ ಎಂಥ ಪ್ರಾಮಾಣಿಕ ತೀರ್ಪುಗಾರರಿಗೂ ದಾರಿಯಿಲ್ಲ.

ಗಾರ್ಡನ್ ರಾಮ್ಸೆ ಅವರ 'ಹೆಲ್ಸ್ ಕಿಚನ್' (ಅಮೆರಿಕದ ಆವೃತ್ತಿ, 2005ರಿಂದ) ಇದಕ್ಕೆ ತದ್ವಿರುದ್ಧ. ಸೋತ ತಂಡವೇ ಸಾಮಾನ್ಯವಾಗಿ ತನ್ನ ಇಬ್ಬರನ್ನು ನಾಮಿನೇಟ್ ಮಾಡುತ್ತದೆ. ರಾಮ್ಸೆ ಆ ಇಬ್ಬರಲ್ಲಿ ಒಬ್ಬರನ್ನು ಮನೆಗೆ ಕಳಿಸಬಹುದು, ಹೆಸರೇ ಬಾರದವರನ್ನೂ ಕಳಿಸಬಹುದು. ಹೀಗಾಗಿ ಸ್ನೇಹ, ಹಗೆ, ಗುಂಪುಗಾರಿಕೆ ನಿಯಮದ ಭಾಗವೇ ಆಗಿವೆ. ಕೈರುಚಿಯ ನ್ಯಾಯಕ್ಕಾಗಿ ನೋಡುವವರಿಗೆ ಈ ಶೋ ಬೇಡ.

2009ರ 'ಚಾಪ್ಡ್' ಸರಳ. ನಾಲ್ವರು, ಮೂರು ಸುತ್ತು, ಮೊದಲನೆಯದಕ್ಕೆ ಸಾಮಾನ್ಯವಾಗಿ 20 ನಿಮಿಷ, ಉಳಿದೆರಡಕ್ಕೆ ತಲಾ 30. ಸುತ್ತಿಗೊಬ್ಬರು ಹೊರಕ್ಕೆ, ಕಂತಿನಲ್ಲೇ ಎಲ್ಲ ಮುಗಿಯುತ್ತದೆ. ಮುಂದಿನ ವಾರಕ್ಕೆ ಯಾರನ್ನೂ ಕಾಪಾಡಿಕೊಳ್ಳುವ ಅಗತ್ಯವೇ ಇಲ್ಲ.

ಸ್ವಭಾವದ ದೊಡ್ಡ ಪಾಲು ಮೊದಲ ಕಂತಿಗೂ ಮುಂಚೆಯೇ, ಆಡಿಷನ್‌ನಲ್ಲಿ ತೀರ್ಮಾನವಾಗಿರುತ್ತದೆ ಎಂಬುದು ನಮ್ಮ ಅಭಿಪ್ರಾಯ. ಸಮಾನ ಕೈಚಳಕದವರಲ್ಲಿ ಕ್ಯಾಮೆರಾ ಮುಂದೆ ಬಾಯಿ ಬಿಡುವವರೇ ಒಳಗೆ ಬರುತ್ತಾರೆ. ಒಳಗೆ ಬಂದಮೇಲೆ ಅದೇ ಸ್ವಭಾವ ತಟ್ಟೆಯಲ್ಲೂ ಕಾಣುತ್ತದೆ. ಇಟಲಿಯ ಅನ್ನದ ಖಾದ್ಯ ರಿಸೊಟ್ಟೊ ನೋಡಿ: ಅಕ್ಕಿ ಬೇಯಲು ಸುಮಾರು 18 ನಿಮಿಷ ಬೇಕು, ಒಲೆಯಿಂದ ಇಳಿಸಿದ ಮೇಲೂ ಅದು ದ್ರವ ಹೀರುತ್ತಲೇ ಇರುತ್ತದೆ. ಹತ್ತಾರು ತಟ್ಟೆ ಬಡಿಸುವಷ್ಟರಲ್ಲಿ ಮುದ್ದೆಯಾಗುತ್ತದೆ. ಇದು ಗೊತ್ತಿದ್ದೂ ಹಟ ಹಿಡಿಯುವವರು ಸೋಲುತ್ತಾರೆ. ಸಮಯ ಸಾಲದೆಂದು ಕಂಡೊಡನೆ ಒಂದು ಘಟಕ ಕೈಬಿಟ್ಟು, ಉಳಿದದ್ದರ ಉಪ್ಪುಹುಳಿ ಮತ್ತೊಮ್ಮೆ ನೋಡುವವರು ಉಳಿಯುತ್ತಾರೆ. ಇಂಥ ಸ್ವಭಾವಕ್ಕೆ ಅಂಕ ಸಿಕ್ಕರೆ ಅದು ಅನ್ಯಾಯವಲ್ಲ.

ಉಳಿದ ಅನುಮಾನಕ್ಕೆ ಎಡಿಟಿಂಗ್ ಕಾರಣ. ಕಂತನ್ನು ಜೋಡಿಸುವಾಗ ಫಲಿತಾಂಶ ಎಡಿಟರ್‌ಗಳಿಗೆ ಗೊತ್ತೇ ಇರುತ್ತದೆ, ಅದಕ್ಕೆ ಹೊಂದುವ ಮಾತುಗಳನ್ನೇ ಆರಿಸಬಹುದು. ಸಂದರ್ಶನದ ಮಾತು ಅರ್ಧದಲ್ಲಿರುವಾಗ ಮುಖ ಮರೆಯಾಗಿ ಬಾಣಲೆಯ ದೃಶ್ಯ ಬಂತೆಂದರೆ, ಮುಂದಿನ ಅರ್ಧ ಬೇರೆ ಹೊತ್ತಿನಲ್ಲಿ ಆಡಿದ ಮಾತಾಗಿರಬಹುದು. ದನಿಯ ಏರಿಳಿತ ಅಲ್ಲೇ ಬದಲಾಯಿತೇ ಎಂದು ಕಿವಿಗೊಟ್ಟು ಕೇಳಿ.